ಫೇರ್ ಕಾಪಿಗೆ ಬೀಳುವ ಅಂಕ

ಶಿವಮೊಗ್ಗ ಜಿಲ್ಲೆಯ ಈಸೂರು ಕಡೆಯವರು ಶಿಕಾರಿಪುರದಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಎಂ.ಎಸ್ಸಿ.ಗೆಂದು ಹೋಗಲು ಹತ್ತಿರವಿರುವುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. 1987ರಲ್ಲಿ ಅದು ಆಗದಿದ್ದರೆ ಶಿಕಾರಿಪುರ, ಸೊರಬದ ಎಷ್ಟೋ ಹೆಣ್ಣುಮಕ್ಕಳ ಓದು ಡಿಗ್ರಿಗೇ ನಿಂತುಬಿಡುತ್ತಿತ್ತು. ತೊಡಕು ಆಮೇಲಿನದು. ನೆಟ್, ಕೆ-ಸೆಟ್ ಪಾಸಾಗಿ ಮೇಷ್ಟರಾಗುವವರು ಕೆಲವರೇ. ಉಳಿದ ಅನೇಕರು ರೆಸ್ಯೂಮೆ ಹಿಡಿದು ಬೆಂಗಳೂರು ಹೊರವಲಯದ ಬೊಮ್ಮಸಂದ್ರ, ಜಿಗಣಿಯ ಔಷಧ ಕಂಪನಿಗಳ ಗೇಟಿಗೆ ಹೋಗುತ್ತಾರೆ. ಅವರನ್ನು ಅಲ್ಲಿಗೆ ಸಜ್ಜುಗೊಳಿಸುವ ನಮ್ಮ ಪದ್ಧತಿಯ ದೋಷ ಇಂಗ್ಲಿಷಿನಲ್ಲಿಲ್ಲ, ಲ್ಯಾಬಿನ ರೆಕಾರ್ಡ್ ಬುಕ್ಕಿನಲ್ಲಿದೆ ಎಂದು ನನಗನ್ನಿಸುತ್ತದೆ.

ನಾಡಿನ ಬಹುತೇಕ ಕಾಲೇಜುಗಳಲ್ಲಿ ನಡೆಯುವುದು ಹೀಗೆ: ಟೈಟ್ರೇಷನ್ ರೀಡಿಂಗನ್ನು ರಫ್ ಹಾಳೆಯಲ್ಲಿ ಗೀಚಿಕೊಳ್ಳುವುದು, ಮೂರು ಸಲವೂ ಒಂದೇ ಬರದಿದ್ದರೆ ಹೊಂದಿಸಿಕೊಳ್ಳುವುದು, ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ದುಂಡು ಅಕ್ಷರದಲ್ಲಿ ಇಳಿಸುವುದು, ಯಾವತ್ತೋ ಸಹಿ ಹಾಕಿಸುವುದು. ಅಂಕ ಬೀಳುವುದು ಈ ಫೇರ್ ಕಾಪಿಗೆ. ಔಷಧ ಕಂಪನಿಯ ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ಲ್ಯಾಬಿನಲ್ಲಿ ಇದನ್ನೇ ಮಾಡಿದರೆ ನೌಕರಿಗೇ ಕುತ್ತು. ಅಲ್ಲಿ ಬ್ಯೂರೆಟ್ ನೋಡಿದ ಕೂಡಲೇ, ನಂಬರು ಹಾಕಿಕೊಟ್ಟ ಹಾಳೆಯಲ್ಲಿ, ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ, ತಾರೀಖು. ವೈಟ್ನರ್ ಸುಳಿಯುವಂತಿಲ್ಲ. ರಿಸಲ್ಟ್ ಮಿತಿ ದಾಟಿದರೆ ಯಾಕೆಂದು ತನಿಖೆ ಆಗಲೇಬೇಕು. 1945ರ ಔಷಧ ನಿಯಮಗಳ ‘ಷೆಡ್ಯೂಲ್ ಎಂ’ ಕೇಳುವ ಶಿಸ್ತು ಇದು. ಐದು ವರ್ಷ ಒಂದು ಅಭ್ಯಾಸ ಮಾಡಿಸಿ, ಆರನೆಯ ವರ್ಷ ಅದಕ್ಕೆ ತದ್ವಿರುದ್ಧದ್ದನ್ನು ಬೇಡುತ್ತೇವೆ.

ಈ ಕಂದರ ತುಂಬಲೆಂದೇ ರಾಜ್ಯ ಸರ್ಕಾರ ಬಯೋಟೆಕ್ನಾಲಜಿ ಫಿನಿಶಿಂಗ್ ಸ್ಕೂಲುಗಳನ್ನು ತೆರೆಯಿತು. ಆಮೇಲೆ ಅದೇ ಉದ್ದೇಶದ ಕೌಶಲ ಯೋಜನೆ ‘ಬೈಸೆಪ್’ ಬಂತು. ವರ್ಷದ ಡಿಪ್ಲೊಮಾ, ಅದರೊಳಗೆ ಕಂಪನಿಯಲ್ಲೇ ಇಂಟರ್ನ್‌ಷಿಪ್. ಆ ಇಂಟರ್ನ್‌ಷಿಪ್ ನಿಜಕ್ಕೂ ಬೆಲೆಬಾಳುವಂಥದ್ದು. ಆದರೆ ಎಂ.ಎಸ್ಸಿ.ಯೇ ಕಲಿಸಬೇಕಾದ್ದಕ್ಕೆ ಮತ್ತೊಂದು ವರ್ಷ, ಪರ ಊರಿನ ಪಿ.ಜಿ. ಬಾಡಿಗೆ. ಎರಡೆಕರೆ ಜೋಳ ಬೆಳೆಯುವ ಮನೆಯ ಹುಡುಗಿಗೆ ಇದು ಸಣ್ಣ ಮಾತಲ್ಲ. ಎರಡು ದಿನದ ‘ಸಾಫ್ಟ್ ಸ್ಕಿಲ್ಸ್’ ಶಿಬಿರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟೈ ಕಟ್ಟುವುದನ್ನು ಕಲಿತವರಿಗೆ ಲ್ಯಾಬಿನ ಎಚ್‌ಪಿಎಲ್‌ಸಿ ಯಂತ್ರ ನಡೆಸಲು ಬರುವುದಿಲ್ಲ.

ವಿಶ್ವವಿದ್ಯಾಲಯವೇನು ಕಂಪನಿಗೆ ಆಳು ಒದಗಿಸುವ ಜಾಗವೇ ಎಂದು ಹಿರಿಯರು ಕೇಳುತ್ತಾರೆ. ಅಲ್ಲ, ಒಪ್ಪುತ್ತೇನೆ. ಆದರೆ ಕಂಡದ್ದನ್ನು ಕಂಡಂತೆ ಬರೆಯುವುದು ಕಂಪನಿಗಿಂತ ಮೊದಲು ವಿಜ್ಞಾನದ್ದೇ ಪಾಠ. ಕೈಗಾರಿಕೆಯೂ ನಮಗೆ ಹೊಸತಲ್ಲ. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧ ಜರ್ಮನಿಗೆ ಹೋಗುವುದು ನಿಂತಾಗ ಎಣ್ಣೆ ಇಳಿಸಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲ್ಯಾಬು. 1944ರಲ್ಲಿ ಶಿವಮೊಗ್ಗದಲ್ಲೇ ಗಂಧದೆಣ್ಣೆ ಕಾರ್ಖಾನೆ ಬಂತು.

ಹಾಗಾದರೆ ಮಾಡಬೇಕಾದ್ದೇನು? ಎಂ.ಎಸ್ಸಿ.ಯ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನೇ ಬದಲಿಸಬಹುದು. ಅಡಿಕೆ ಬೇಯಿಸಿದ ಚೊಗರನ್ನೇ ತೆಗೆದುಕೊಳ್ಳಲಿ. ಅದರ ಟ್ಯಾನಿನ್ ಅಳೆಯಲಿ, ಅಳೆಯುವ ವಿಧಾನ ನಂಬುವಂಥದ್ದೇ ಎಂದು ಪರೀಕ್ಷಿಸಲಿ, ಕೆಟ್ಟ ರೀಡಿಂಗೂ ಸೇರಿದಂತೆ ಎಲ್ಲವೂ ನಂಬರು ಹಾಕಿದ ನೋಟ್‌ಬುಕ್ಕಿನಲ್ಲಿರಲಿ. ವೈವಾಕ್ಕೆ ಬಂದ ಹೊರಗಿನ ಪರೀಕ್ಷಕರು ಬೈಂಡ್ ಮಾಡಿದ ವರದಿಯನ್ನು ಬದಿಗಿಟ್ಟು ಆ ನೋಟ್‌ಬುಕ್ಕನ್ನೇ ತೆರೆದು ಪ್ರಶ್ನೆ ಕೇಳಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಅನುದಾನವೂ ಬೇಡ. ಅಧ್ಯಯನ ಮಂಡಳಿ ಮನಸ್ಸು ಮಾಡಿದರೆ ಮುಂದಿನ ಬ್ಯಾಚಿನಿಂದಲೇ ಆಗುತ್ತದೆ.