ಹಂಚಿನ ಬೆನ್ನಿನ ಅಕ್ಷರ

ಮೇ ಕೊನೆಗೆ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಗುಡಿಯಿರಲಿ, ಚರ್ಚಿರಲಿ, ಮನೆಯಿರಲಿ, ಮಾಡಿನ ಮೇಲೆ ಜನ ಕಾಣುತ್ತಾರೆ. ಜಡಿಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸಬೇಕು. ಇಳಿಸಿದ ಹಳೇ ಹಂಚಿನ ಪಾಚಿ ಉಜ್ಜಿದರೆ ಕೆಲವೊಮ್ಮೆ ಬಾಸೆಲ್ ಮಿಷನ್ ಹೆಸರು, 1865 ಎಂಬ ಇಸವಿ ಉಬ್ಬಕ್ಷರದಲ್ಲಿ ಏಳುತ್ತವೆ. ಅದು ಕಾರ್ಖಾನೆ ಶುರುವಾದ ಇಸವಿ, ಹಂಚು ಸುಟ್ಟದ್ದಲ್ಲ. ಹಳೇ ಸಾಮಾನು ಮಾರುವವರು ಎರಡನ್ನೂ ಒಂದೇ ಮಾಡಿ ಬೆಲೆ ಏರಿಸುವುದುಂಟು!

ಲುಥೆರನ್, ರಿಫಾರ್ಮ್ಡ್ ಎಂಬ ಪ್ರಾಟೆಸ್ಟೆಂಟ್ ಪರಂಪರೆಗಳೆರಡೂ ಬೆರೆತಿದ್ದ ಆ ಕ್ರೈಸ್ತ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾಗಿ ಜಾತಿ, ಕುಲಕಸುಬು ಕಳೆದುಕೊಂಡವರಿಗೆ ಭಾನುವಾರದ ಪ್ರಾರ್ಥನೆಯೊಂದೇ ಸಾಲದು, ಸೋಮವಾರಕ್ಕೆ ಕೂಲಿಯೂ ಬೇಕು. ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ತೆರೆದದ್ದರ ಹಿಂದೆ ಈ ಅಗತ್ಯವಿತ್ತು.

ಹಂಚನ್ನು ಕೈಯಲ್ಲಿ ಹಿಡಿದು ನೋಡಬೇಕು. ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ; ಅಂಚಿನ ಏಣು ಪಕ್ಕದ ಹಂಚಿನ ಕಾಲುವೆಯೊಳಗೆ ಕೂರುತ್ತದೆ. ಮೊಳೆಯಿಲ್ಲ, ಗಾರೆಯಿಲ್ಲ. ಸಂದಿಗೆ ನುಗ್ಗಿದ ನೀರು ಕಾಲುವೆ ಹಿಡಿದು ಕೆಳಗಿನ ಸಾಲಿನ ಬೆನ್ನಿಗೆ ಬೀಳುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಆಗುಂಬೆಯ ಮಳೆಗೆ ಇಷ್ಟೇ ಉಪಾಯ. ಅನುಭವಸ್ಥ ಆಳು ಗೆಣ್ಣಿನಿಂದ ಕುಟ್ಟಿ ಕಿವಿಗೊಡುತ್ತಾನೆ: ಠಣ್ ಎಂದರೆ ಹದವಾಗಿ ಬೆಂದದ್ದು, ಬದ್ದ ಎಂದರೆ ಎಲ್ಲೋ ಕೂದಲೆಳೆಯ ಬಿರುಕು. ಒಡೆದದ್ದೊಂದನ್ನು ತೆಗೆಯಲು ಮೇಲಿನದನ್ನು ತುಸು ಎತ್ತಿ ಜಾರಿಸಿದರಾಯಿತು. ಕತ್ತಲ ಅಡುಗೆಮನೆಗೆ ಅದೇ ಅಳತೆಯ ಗಾಜಿನ ಹಂಚು.

ಇಂಥದ್ದರ ಸಂದಿಗೆ ಸಿಮೆಂಟು ಮೆತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.