ಹಿಡಿದ ಕೈ, ಚಾಚಿದ ಕೈ

ಹೆಚ್ಚುಕಡಿಮೆ ಅಂಚೆ ಕಾರ್ಡಿನಷ್ಟು ಕಾಗದ, ಅದರ ಮೇಲೆ ಕಂದು ಮಸಿಯ ಒಂದಿಷ್ಟು ಗೀರು. ಕೂಸೊಂದು ನಡೆ ಕಲಿಯುತ್ತಿದೆ. ಡಚ್ ಚಿತ್ರಕಾರ ರೆಂಬ್ರಾಂಟ್ 1656ರ ಸುಮಾರಿಗೆ ಬರೆದ ಈ ಚಿತ್ರ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇದಕ್ಕಿಂತ ಶ್ರೇಷ್ಠ ರೇಖಾಚಿತ್ರವೇ ಇಲ್ಲ ಎಂಬುದು ಕಲಾವಿದ ಡೇವಿಡ್ ಹಾಕ್ನಿಯ ಮಾತು.

ತಾಯಿಯ ಹಿಡಿತ ಬಿಗಿ. ಕೂಸಿಗೆ ನಡೆಯಲು ಕಲಿಸುವುದು ಆಕೆಗೆ ಹೊಸದಲ್ಲ. ಇನ್ನೊಂದು ಕೈ ಹಿಡಿದ ಅಕ್ಕನಿಗೆ ಮಾತ್ರ ಅಳುಕು. ಬಗ್ಗಿ ಕೂಸಿನ ಮುಖವನ್ನೇ ನೋಡುತ್ತಾಳೆ, ಅಳು ಬಂತೋ ಏನೋ ಎಂದು. ಕೂಸು ಹೆಣ್ಣೋ ಗಂಡೋ ಹೇಳಲಾಗದು; ಆ ಕಾಲದ ಡಚ್ ಮನೆಗಳಲ್ಲಿ ಪುಟ್ಟ ಗಂಡುಮಕ್ಕಳಿಗೂ ಲಂಗವನ್ನೇ ತೊಡಿಸುತ್ತಿದ್ದರು. ಬಿದ್ದರೆ ಪೆಟ್ಟಾಗದಿರಲೆಂದು ತಲೆಗೊಂದು ದಪ್ಪ ಟೋಪಿ.

ಎದುರಿಗೆ ಅಪ್ಪ, ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದ್ದಾನೆ. ಬೆನ್ನು ಬಗ್ಗಿಸಿ ಹಿಡಿಯುವುದು ಹೆಂಗಸರ ಪಾಲಿಗೆ, ಬಂದಾಗ ಬಾಚಿ ಅಪ್ಪಿಕೊಳ್ಳುವುದು ಗಂಡಸಿನ ಪಾಲಿಗೆ! ಮೊದಲ ಸಲ ನೋಡಿದಾಗ ನನಗೆ ಚುರುಕ್ಕೆಂದಿತ್ತು. ಈಗ ಅಷ್ಟು ಸಲೀಸಾಗಿ ತೀರ್ಪು ಕೊಡಲಾರೆ. ದೊಡ್ಡ ಮೈಯನ್ನು ಕೂಸಿನೆತ್ತರಕ್ಕೆ ಮಡಚಿಕೊಂಡ ಆ ಮನುಷ್ಯನ ಎದೆಯೂ ಹೊಡೆದುಕೊಳ್ಳುತ್ತಿರಬೇಕು. ಹಿಂದೆ ಹಾಲಿನವಳೊಬ್ಬಳು ಹಾದುಹೋಗುತ್ತಿದ್ದಾಳೆ. ಬಕೆಟ್ಟು ತುಂಬಿದೆಯೆಂದು ನೆಟ್ಟಗೆ ಚಾಚಿದ ಅವಳ ತೋಳೇ ಹೇಳುತ್ತದೆ.

ಮುಖಗಳಿಗೆ ಇಲ್ಲಿ ಒಂದೆರಡು ಚುಕ್ಕೆ ಸಾಕಾಗಿವೆ. ಭಾವವೆಲ್ಲ ಬೆನ್ನು, ಮೊಣಕೈಗಳಲ್ಲಿ. ಮಸಿಯ ಗೆರೆಯನ್ನು ಅಳಿಸುವಂತಿಲ್ಲ ನೋಡಿ. ಹಾಗಾಗಿ ತಾಯಿ ಕೂಸಿನ ತೋಳು ಹಿಡಿದ ಹಾಗೆಯೇ ರೆಂಬ್ರಾಂಟನ ಕೈ ಲೇಖನಿಯನ್ನು ಹಿಡಿದಿದೆ.

ಬರ್ಲಿನ್ನಿನಲ್ಲಿರುವ, ಸುಮಾರು 1635ರ ಇನ್ನೊಂದು ಚಿತ್ರದಲ್ಲಿ ಗಂಡಸೇ ಇಲ್ಲ. ಹಟಮಾರಿ ಹುಡುಗ ಒದ್ದಾಡುತ್ತ ಕಾಲಿನ ಚಪ್ಪಲಿ ಉದುರಿಸಿದ್ದಾನೆ. ಎತ್ತಿಕೊಂಡವಳಿಗೆ ಸಾಕುಸಾಕಾಗಿದೆ, ಪಕ್ಕದಲ್ಲಿ ಮುದುಕಿಯ ಗದರಿಸುವ ಬೆರಳು ಬೇರೆ. ಚಿತ್ರಗಳಲ್ಲಿ ಯೇಸುವಿನ ತಾಯಿ ಮಡೋನಾಳ ಮಡಿಲಲ್ಲಿ ಯಾವ ಮಗುವೂ ಹೀಗೆ ಕಿರುಚಿದ್ದನ್ನು ನಾನು ಕಂಡಿಲ್ಲ.

ನನ್ನನ್ನು ಬಿಡದೆ ಕಾಡುವುದು ಮ್ಯೂನಿಕ್ಕಿನ ಚಿತ್ರ. ಹಾಸಿಗೆಯಲ್ಲಿ ರೆಂಬ್ರಾಂಟನ ಹೆಂಡತಿ ಸಾಸ್ಕಿಯಾ. ನಾಲ್ಕು ಹೆತ್ತು ಮೂರನ್ನು ಎಳೆಯದರಲ್ಲೇ ಕಳೆದುಕೊಂಡು, ಮಗ ಟೈಟಸ್ ಹುಟ್ಟಿದ ಮರುವರ್ಷ, 1642ರಲ್ಲಿ, 29ಕ್ಕೇ ತೀರಿಕೊಂಡವಳು. ಮುಂದುಗಡೆ ಕೂತ ದಾದಿಗೆ ದಟ್ಟ ಮಸಿ ಬಳಿದ ರೆಂಬ್ರಾಂಟ್, ಸಾಸ್ಕಿಯಾಳಿಗೆ ತೆಳು ಗೆರೆಗಳನ್ನಷ್ಟೇ ಕೊಟ್ಟಿದ್ದಾನೆ. ದಾದಿ ತನ್ನ ಪಾಡಿಗೆ ತಾನಿದ್ದಾಳೆ. ಸಾಸ್ಕಿಯಾ ಕೈಗೆ ತಲೆಯಾನಿಸಿ, ತನ್ನನ್ನು ಬರೆಯುತ್ತ ಕೂತ ಗಂಡನನ್ನೇ ನೋಡುತ್ತಿದ್ದಾಳೆ, ಇನ್ನೂ ಮುಗಿಯಲಿಲ್ಲವೇ ಎಂಬಂತೆ.