ಜೇಕಬ್ ರೀಸನ ಗ್ರಂಥವೂ ನ್ಯೂಯಾರ್ಕಿನ ಬಾಡಿಗೆಮನೆಗಳ ತನಿಖೆಯೂ: ಒಂದು ವಿಮರ್ಶೆ

ನಗರಗಳ ಚರಿತ್ರೆಯನ್ನು ಅಭ್ಯಸಿಸುವವರು 1890ರಲ್ಲಿ ಪ್ರಕಟವಾದ ಜೇಕಬ್ ರೀಸನ ‘ಹೌ ದಿ ಅದರ್ ಹಾಫ್ ಲಿವ್ಸ್’ ಎಂಬ ಗ್ರಂಥವನ್ನು ಓದದೆ ಮುಂದೆ ಸಾಗಲಾರರು. ನ್ಯೂಯಾರ್ಕಿನ ಬಡವರು ಬಾಡಿಗೆಗೆ ಹಿಡಿದಿದ್ದ ಮನೆಗಳ ದುಃಸ್ಥಿತಿಯನ್ನು ಉಳ್ಳವರ ಕಣ್ಣಿಗೆ ತಂದ ಕೀರ್ತಿ ಅದಕ್ಕೆ ಸಲ್ಲುತ್ತದೆ, ಸಲ್ಲಬೇಕಾದದ್ದೇ. ಆದರೆ ಒಂದು ಗ್ರಂಥವನ್ನು ಮೆಚ್ಚಿ ಓದುವುದು ಬೇರೆ, ಅದನ್ನು ಆಧಾರವಾಗಿ ಬಳಸುವುದು ಬೇರೆ. ತರಗತಿಯಲ್ಲಿ ನಾನೂ ಕೆಲವು ವರ್ಷ ಅದರ ಪುಟಗಳನ್ನು ಪ್ರಶ್ನಿಸದೆ ವಿದ್ಯಾರ್ಥಿಗಳ ಮುಂದಿಟ್ಟಿದ್ದೇನೆ. ಅದು ತಪ್ಪಾಯಿತೆಂಬ ಅರಿವಿನಿಂದ ಈ ಲೇಖನ ಹುಟ್ಟಿದೆ.

ಟೆನೆಮೆಂಟನ್ನು ನಮ್ಮವರು ‘ವಠಾರ’ವೆಂದು ಕನ್ನಡಿಸುವುದುಂಟು. ವಠಾರಕ್ಕೆ ಅಂಗಳವುಂಟು, ಮೇಲೆ ಆಕಾಶವುಂಟು. ನ್ಯೂಯಾರ್ಕಿನ ಟೆನೆಮೆಂಟು 25 ಅಡಿ ಅಗಲ, 100 ಅಡಿ ಉದ್ದದ ನಿವೇಶನದಲ್ಲಿ ಐದಾರು ಅಂತಸ್ತು ಎದ್ದುನಿಂತ ಕಟ್ಟಡ. ಮೂರಕ್ಕಿಂತ ಹೆಚ್ಚು ಕುಟುಂಬಗಳು ಪ್ರತ್ಯೇಕವಾಗಿ ವಾಸಿಸಿ ಅಲ್ಲಿಯೇ ಅಡಿಗೆ ಮಾಡಿಕೊಳ್ಳುವ ಬಾಡಿಗೆಯ ಮನೆಯೆಂದು 1867ರ ಕಾಯಿದೆ ಅದನ್ನು ನಿರ್ವಚಿಸಿತು. 1879ರ ಕಾಯಿದೆಯ ಬಳಿಕ ರೂಢಿಗೆ ಬಂದ ನಕ್ಷೆಯಲ್ಲಿ ಒಳಕೋಣೆಗಳಿಗೆ ಗಾಳಿ ಬೆಳಕಿನ ಹೆಸರಿನಲ್ಲಿ ದೊರೆತದ್ದು ಸುಮಾರು 28 ಅಂಗುಲ ಅಗಲದ ಒಂದು ಸಂದು. ಒಕ್ಕಲುಗಳು ಕಸವೆಸೆಯುತ್ತಿದ್ದುದೂ ಅದರೊಳಕ್ಕೇ.

ಗ್ರಂಥದ ಪ್ರಸಿದ್ಧ ಭಾಗವೊಂದನ್ನು ಪರೀಕ್ಷಿಸೋಣ. ಬೇಯಾರ್ಡ್ ಬೀದಿಯ ಕೋಣೆಯೊಂದರಲ್ಲಿ, ಯಾವ ಕಡೆಯಿಂದ ಅಳೆದರೂ ಹದಿಮೂರು ಅಡಿಯಿಲ್ಲದ ಜಾಗದಲ್ಲಿ, ಹನ್ನೆರಡು ಮಂದಿ ಗಂಡಸರೂ ಹೆಂಗಸರೂ ಮಲಗಿದ್ದರೆಂದು ರೀಸನು ಬರೆಯುತ್ತಾನೆ. ಅವರಲ್ಲಿ ಹೆಚ್ಚಿನವರು ರಾತ್ರಿಗೆ ಐದು ಸೆಂಟು ತೆತ್ತು ನೆಲದಲ್ಲಿ ಜಾಗ ಹಿಡಿದವರು. ಪ್ರತಿಯೊಬ್ಬನಿಗೂ 600 ಘನ ಅಡಿ ಗಾಳಿಯಿರಬೇಕೆಂಬುದು ಅಂದಿನ ಕಾನೂನು. ಛಾವಣಿಯು ಎಂಟು ಅಡಿ ಎತ್ತರವಿತ್ತೆಂದು ಭಾವಿಸಿದರೂ ಆ ಕೋಣೆಯಲ್ಲಿ ನ್ಯಾಯವಾಗಿ ಇರಬಹುದಾಗಿದ್ದವರು ಇಬ್ಬರೇ. ಹಾಗಾದರೆ ಉಳಿದ ಹತ್ತು ಮಂದಿ ಆ ಮಧ್ಯರಾತ್ರಿ ಎಲ್ಲಿಗೆ ಹೋಗಬೇಕಾಗಿತ್ತು? ಗ್ರಂಥಕರ್ತನು ಈ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಆತನು ಬಂದದ್ದು ಆರೋಗ್ಯ ಪೊಲೀಸರ ಜೊತೆಗೆ, ಅವರ ತಪಾಸಣೆಯ ಹೊತ್ತಿನಲ್ಲಿ. ಚಿತ್ರದಲ್ಲಿರುವವರು ಕಣ್ಣು ಕಿರಿದುಮಾಡಿ ನಮ್ಮತ್ತ ನೋಡುತ್ತಾರೆ. ಅವರು ನೋಡುತ್ತಿದ್ದದ್ದು ನಮ್ಮನ್ನಲ್ಲ, ನಿದ್ದೆಗೆಡಿಸಿದ ಪೊಲೀಸರನ್ನು ಮತ್ತು ಸುಡುಮದ್ದಿನ ಬೆಳಕನ್ನು. ಈ ಸಂದರ್ಭವನ್ನು ಮರೆತು ಆ ಚಿತ್ರವನ್ನು ‘ಬಡವರ ನಿತ್ಯಜೀವನ’ವೆಂದು ಅಚ್ಚುಹಾಕುವ ಪಠ್ಯಪುಸ್ತಕಗಳು ಇಂದಿಗೂ ಇವೆ.

ಆ ಸುಡುಮದ್ದಿನ ಬೆಳಕಿಗೆ ತನ್ನದೇ ಒಂದು ಕಥೆಯುಂಟು, ಅದನ್ನು ರೀಸನೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಕುರುಡ ಭಿಕ್ಷುಕರು ವಾಸಿಸುತ್ತಿದ್ದ ಓಣಿಯ ಮನೆಯೊಂದರಲ್ಲಿ ಚಿತ್ರ ತೆಗೆಯುವಾಗ ಗೋಡೆಯ ಕಾಗದಕ್ಕೂ ಚಿಂದಿಗೂ ಬೆಂಕಿ ತಗುಲಿತು. ಕೋಣೆಯಲ್ಲಿದ್ದ ಕುರುಡರಿಗೆ ಅದು ಕಾಣಲಿಲ್ಲ. ಆತನೇ ಹೆಣಗಿ ಆರಿಸಿ, ಹೊರಗೆ ಬಂದು ಪೊಲೀಸಿನವನಿಗೆ ಹೇಳಿದಾಗ, ಆ ಮನೆ ಉರಿಯಲಾರದಷ್ಟು ಕೊಳಕೆಂದು ಅವನು ನಕ್ಕನಂತೆ. ಈ ಪ್ರಾಮಾಣಿಕತೆಯೇ ರೀಸನ ಬಲ. 1870ರಲ್ಲಿ ಡೆನ್ಮಾರ್ಕಿನಿಂದ ಬಂದು, ನೆಲೆಯಿಲ್ಲದೆ ಪೊಲೀಸ್ ಠಾಣೆಯ ತಂಗುಕೋಣೆಯಲ್ಲಿಯೂ ಮಲಗಿದ್ದವನು ಆತ. ಆದರೂ ಗ್ರಂಥದಲ್ಲಿ ಇಟಲಿಯವರು, ಯೆಹೂದ್ಯರು, ಚೀನೀಯರು ಒಂದೊಂದು ಅಧ್ಯಾಯಕ್ಕೆ ಒಂದೊಂದು ಜಾತಿಯಾಗಿ, ಜಾತಿಗೊಂದು ದುರ್ಗುಣವನ್ನು ಹೊತ್ತು ಬರುತ್ತಾರೆ. ಚೀನೀಯರ ಅಧ್ಯಾಯವನ್ನಂತೂ ಸಂಕೋಚವಿಲ್ಲದೆ ಓದಲಾಗದು. ಮಾಲೀಕನ ಲಾಭದ ಲೆಕ್ಕವನ್ನು ಅಷ್ಟು ಚೆನ್ನಾಗಿ ಬಲ್ಲವನು ಒಕ್ಕಲಿನ ನಡತೆಯತ್ತ ಮರಳಿ ಮರಳಿ ಜಾರುವುದೇಕೆ? ಜೊತೆಯಲ್ಲಿ ನಡೆದವರ ಕಣ್ಣು ನಮಗೂ ಅಂಟುತ್ತದೆ ಎಂಬುದೊಂದೇ ನನಗೆ ತೋಚುವ ಉತ್ತರ. ಇನ್ನೊಂದು ಮಾತು: ಮೊದಲ ಮುದ್ರಣದ ಅನೇಕ ಚಿತ್ರಗಳು ಛಾಯಾಚಿತ್ರಗಳಲ್ಲ, ಅವನ್ನು ನೋಡಿ ಬರೆದ ರೇಖಾಚಿತ್ರಗಳು.

1901ರ ಟೆನೆಮೆಂಟ್ ಕಾಯಿದೆಯನ್ನು ಈ ಗ್ರಂಥದ ಫಲವೆನ್ನುವುದು ವಾಡಿಕೆ. ಇದು ಅತಿಶಯೋಕ್ತಿ. ಆ ಕಾಯಿದೆಯ ಹಿಂದೆ ಲಾರೆನ್ಸ್ ವೀಲರನು 1900ರಲ್ಲಿ ಏರ್ಪಡಿಸಿದ ಪ್ರದರ್ಶನವಿದೆ, ಅದೇ ವರ್ಷ ಗವರ್ನರ್ ಥಿಯೊಡೋರ್ ರೂಸ್‌ವೆಲ್ಟನು ನೇಮಿಸಿದ ಆಯೋಗವಿದೆ. 1867ರಿಂದಲೂ ಕಾನೂನುಗಳಿಗೆ ಬರವಿರಲಿಲ್ಲ. ಮನೆಮನೆಗೆ ಹೋಗಿ ನೋಡುವ ಪ್ರತ್ಯೇಕ ಇಲಾಖೆ ಹುಟ್ಟಿದ್ದು ಈ ಕಾಯಿದೆಯಿಂದ. ಕತ್ತಲ ಕೋಣೆಗಳಿಗೆ ಕಿಟಕಿ ಕೊರೆಯಬೇಕು, ಅಂಗಳದ ಕಕ್ಕಸುಗಳನ್ನು ತೆಗೆದು ಒಳಗೆ ನೀರಿನ ಕಕ್ಕಸು ಹಾಕಬೇಕೆಂದು ಅದು ಹಳೆಯ ಕಟ್ಟಡಗಳಿಗೂ ವಿಧಿಸಿತು. ಮಾಲೀಕರು ಸುಮ್ಮನಿರಲಿಲ್ಲ. ಕಕ್ಕಸಿನ ಪ್ರಶ್ನೆಯೇ 1906ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಕಾಯಿದೆ ಗೆದ್ದಿತು. ರೀಸನಲ್ಲಿ ಉದ್ವೇಗವಿದ್ದರೆ ವೀಲರನಲ್ಲಿ ಅಳತೆಗೋಲಿತ್ತು. ಆದರೆ ಅಳತೆಗೋಲಿಗೂ ಬೆಲೆಯುಂಟು. 1863ರಲ್ಲಿ ಕಟ್ಟಿದ ಆರ್ಚರ್ಡ್ ಬೀದಿಯ 97ನೆಯ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಅದರ ಒಡೆಯನು 1935ರಲ್ಲಿ ಹೊಸ ನಿಯಮಗಳಂತೆ ದುರಸ್ತಿ ಮಾಡಿಸುವ ಬದಲು ಮೇಲಂತಸ್ತಿನ ಒಕ್ಕಲುಗಳನ್ನೆಲ್ಲ ಬಿಡಿಸಿ ಬೀಗ ಹಾಕಿದನು. ನಿಯಮವು ಪಾಲನೆಯಾಯಿತು, ಮನೆಗಳು ಇಲ್ಲವಾದವು.

ಒಕ್ಕಲಿನ ದನಿ ನ್ಯಾಯಾಲಯದ ದಾಖಲೆಯಲ್ಲಿ ಸ್ಪಷ್ಟವಾಗಿ ಕೇಳಿಬರುವುದು ಬೇರೊಂದು ನಗರದಲ್ಲಿ. 1963ರ ನವೆಂಬರಿನಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದ ಬಾಡಿಗೆದಾರನೊಬ್ಬನು, ವಾರಂಟಿಲ್ಲದೆ ಬಂದ ವಸತಿ ತನಿಖಾಧಿಕಾರಿಗಳನ್ನು ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಿ ಬಂಧಿತನಾದನು. 1959ರ ಬಾಲ್ಟಿಮೋರ್ ಪ್ರಕರಣದಲ್ಲಿ ಇಂಥ ಪ್ರವೇಶವನ್ನು ಒಪ್ಪಿದ್ದ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ತನ್ನ ಮಾತನ್ನು ತಾನೇ ತಿದ್ದಿಕೊಂಡು, ನಿವಾಸಿ ಒಪ್ಪದಿದ್ದರೆ ವಾರಂಟು ಬೇಕೆಂದು ತೀರ್ಪಿತ್ತಿತು. ಆದರೆ ಒಂದೊಂದು ಮನೆಯ ಮೇಲೂ ಪ್ರತ್ಯೇಕ ಸಂಶಯ ಬೇಕಿಲ್ಲ, ಆ ಪ್ರದೇಶದ ಕಟ್ಟಡಗಳ ವಯಸ್ಸು ಮತ್ತು ಸ್ಥಿತಿಗಳೇ ಸಾಕೆಂದು ತನಿಖೆಯ ದಾರಿಯನ್ನೂ ತೆರೆದಿಟ್ಟಿತು. ಈಗ ನಾನು ರೀಸನ ಬೇಯಾರ್ಡ್ ಬೀದಿಯ ಪುಟವನ್ನು ಈ ತೀರ್ಪಿನೊಂದಿಗೆ ಜೋಡಿಸಿಯೇ ತರಗತಿಯಲ್ಲಿ ಓದಿಸುತ್ತಿದ್ದೇನೆ.